ಒಂದು ವಾಚಿನಿಂದ ಇನ್ನೊಂದಕ್ಕೆ

ಪ್ರಾಧ್ಯಾಪಕರು ತಮ್ಮ ಜರ್ಮನ್ ವಾಚನ್ನು ನನ್ನ ಅಂಗಡಿಗೆ ತಂದದ್ದು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ. ಒಳಗೆ ಹತ್ತಿ ಹಾಸಿ ವಾಚು ಇಟ್ಟಿದ್ದರು. ಹಿಂಬದಿಯ ಮುಚ್ಚಳ ಬೇರೆಯಾಗಿ ಕಾಗದದಲ್ಲಿ ಸುತ್ತಿತ್ತು. ಮುಚ್ಚಳ ಬಿಚ್ಚಿದ್ದು ಯಾರೆಂದು ಕೇಳಿದೆ. ಅಂಕೋಲೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಆ ಮನುಷ್ಯ ಕೌಂಟರಿನ ಎದುರು ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ನಿಂತರು.

"ನಾನೇ ಶೇಟ್ರೆ. ಒಳಗೆ ಹ್ಯಾಂಗದೆ ನೋಡುವ ಅಂತ ಆಸೆ ಆಯ್ತು. ಹೊಲಿಗೆ ಸೂಜಿ ಒಂಚೂರು ಜಾರಿತು."

ಐಗ್ಲಾಸ್ ಕಣ್ಣಿಗೆ ಸಿಕ್ಕಿಸಿ ನೋಡಿದೆ. ಸೂಜಿ ಒಂಚೂರು ಜಾರಿದ್ದಲ್ಲ. ವಾಚಿನೊಳಗೆ ಬ್ಯಾಲೆನ್ಸ್ ಎಂಬ ಸಣ್ಣ ಚಕ್ರವಿರುತ್ತದೆ. ಅದು ಸೆಕೆಂಡಿಗೆ ಐದು ಸಲ ಅತ್ತಿತ್ತ ತಿರುಗುವುದರಿಂದಲೇ ವಾಚು ನಡೆಯುವುದು. ಅದರ ನಡುವಿನ ಅಚ್ಚಿನ ಮೇಲ್ತುದಿ ಮುರಿದಿತ್ತು. ಅಚ್ಚಿಗೆ ಸುತ್ತಿದ ಹೇರ್‌ಸ್ಪ್ರಿಂಗಿನ ಹೊರಸುತ್ತು ಒಳಸುತ್ತಿನ ಮೇಲೆ ಹತ್ತಿ ಗಂಟಾಗಿತ್ತು. ಅಚ್ಚೊಂದೇ ಹೋಗಿದ್ದರೆ ಹೊಸದು ಕೂರಿಸಬಹುದಿತ್ತು. ಸ್ಪ್ರಿಂಗ್ ಒಂದೇ ಆಗಿದ್ದರೆ ಚಿಮಟ ಹಿಡಿದು ಎರಡು ದಿನ ಕೂತು ನೇರ ಮಾಡಬಹುದಿತ್ತು. ಎರಡೂ ಹೋದರೆ ಇಡೀ ಬ್ಯಾಲೆನ್ಸನ್ನೇ ಬದಲಿಸಬೇಕು.

"ಆಗ್ತದ್ಯೆ?" ಎಂದರು.

"ಆಗದೆ ಎಂತದು? ನನ್ನ ಕೈಲಿ ಆಗದಿದ್ರೆ ಈ ಜಿಲ್ಲೆಲಿ ಯಾರ ಕೈಲೂ ಆಗೂದಿಲ್ಲ," ಎಂದೆ. ಆ ಮಾತು ಆಡದೆ ಇದ್ದಿದ್ದರೆ ಮುಂದಿನದು ಬೇರೆ ರೀತಿ ಆಗುತ್ತಿತ್ತೋ ಏನೋ.

ಕಾರವಾರದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನದು ಆರಡಿ ಅಗಲದ ಅಂಗಡಿ. ದಿನದ ಸಂಪಾದನೆ ಬರುವುದು ಬ್ಯಾಟರಿ, ಬೆಲ್ಟು, ಗೋಡೆ ಗಡಿಯಾರಗಳಿಂದ. ಮನಸ್ಸಿಗೆ ಹಿಡಿಸಿದ ಕೆಲಸ ಮಾತ್ರ ಚಾವಿ ಕೊಡುವ ಹಳೆಯ ವಾಚುಗಳದ್ದು. ಅವುಗಳಲ್ಲಿಯೂ ಜರ್ಮನಿಯವು ಕಂಡರೆ ನನಗೆ ಬಿಡಲಾಗುವುದಿಲ್ಲ. ಸಾವಿರಾರು ಯೂರೋ ಬಾಳುವ ದೊಡ್ಡ ಹೆಸರಿನವು ನಾನು ಫೋಟೋದಲ್ಲಿ ಮಾತ್ರ ನೋಡಿದವು. ನಾನು ಹೇಳುವುದು ಫೋರ್ಟ್ಸ್‌ಹೈಮ್ ಎಂಬ ಊರಿನ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಐವತ್ತು ಅರವತ್ತು ವರ್ಷಗಳ ಹಿಂದೆ ತಯಾರಾದ, ಕೆಲಸಗಾರರೂ ಗುಮಾಸ್ತರೂ ಕಟ್ಟಿಕೊಳ್ಳುತ್ತಿದ್ದ ವಾಚುಗಳನ್ನು. ಒಳಗಿನ ಯಂತ್ರ ದಪ್ಪ, ಸರಳ, ಪ್ರಾಮಾಣಿಕ. ಯಾವ ಸ್ಕ್ರೂ ಎಲ್ಲಿ ಕೂರಬೇಕೋ ಅಲ್ಲಿಯೇ ಕೂರುತ್ತದೆ.

ಈ ಹುಚ್ಚಿನಲ್ಲಿ ನನಗೆ ಜೊತೆಯಾದವರು ಪ್ರಾಧ್ಯಾಪಕರೊಬ್ಬರೇ. ಹಿಂದೆ ಎರಡು ವಾಚು ನನ್ನಿಂದ ಕೊಂಡಿದ್ದರು. ಈ ಮೂರನೆಯದನ್ನು ಪುಣೆಯ ವ್ಯಾಪಾರಿಯೊಬ್ಬನಿಂದ ಆನ್‌ಲೈನ್‌ನಲ್ಲಿ ತರಿಸಿಕೊಂಡಿದ್ದರು. ಕೊಳ್ಳುವ ಮೊದಲು ಹದಿನೈದು ದಿನ ನಾವಿಬ್ಬರೂ ವಾಟ್ಸಾಪಿನಲ್ಲಿ ಫೋಟೋ ಹಿಗ್ಗಿಸಿ ನೋಡಿದ್ದೆವು. ಡಯಲಿಗೆ ಮರುಬಣ್ಣ ಬಳಿದಿದ್ದಾರೆಯೇ, ಅಂಕಿಗಳ ಅಂಚು ಒಡೆದಿದೆಯೇ, ಕೇಸನ್ನು ಉಜ್ಜಿ ಉಜ್ಜಿ ಮೂಲೆಗಳನ್ನು ಗುಂಡಗೆ ಮಾಡಿದ್ದಾರೆಯೇ, ಮುಳ್ಳುಗಳು ಮೂಲದವೇ. ಕ್ರೀಮ್ ಬಣ್ಣಕ್ಕೆ ತಿರುಗಿದ ಡಯಲು, ತೆಳ್ಳಗಿನ ಚಿನ್ನದ ಲೇಪದ ಕೇಸು. ವಾಚು ಬಂದ ದಿನ ಬೆಳಿಗ್ಗೆ ಆರು ಗಂಟೆಗೆ ಫೋನ್ ಮಾಡಿ, ಏನೂ ಮಾತಾಡದೆ, ಫೋನನ್ನು ವಾಚಿನ ಹತ್ತಿರ ಹಿಡಿದಿದ್ದರು. ಆ ಸದ್ದು ಕೇಳಿ ನಾನು ಹಾಸಿಗೆಯಲ್ಲಿಯೇ ನಕ್ಕಿದ್ದೆ.

ಬ್ಯಾಲೆನ್ಸ್ ಹುಡುಕುವ ಕೆಲಸ ಶುರುವಾಯಿತು. ಮುಂಬೈಯಲ್ಲಿ ಹಳೆಯ ಬಿಡಿಭಾಗ ಮಾರುವವನಿಗೆ ಯಂತ್ರದ ನಂಬರು ಕಳಿಸಿದೆ. ಅವನು ಕಳಿಸಿದ್ದು ಅದೇ ಕಾರ್ಖಾನೆಯ ಬೇರೆ ಯಂತ್ರದ್ದು. ಚಕ್ರ ಸರಿ, ಅಚ್ಚು ಎತ್ತರ. ಕೂರಿಸಿ ನೋಡಿದರೆ ಅಚ್ಚನ್ನು ಮೇಲಿನಿಂದ ಹಿಡಿಯುವ ಸೇತುವೆ ಎಂಬ ಪಟ್ಟಿ ಮುಚ್ಚುತ್ತಲೇ ಚಕ್ರ ಬಿಗಿದು ನಿಂತಿತು. ಆಮೇಲೆ ಜರ್ಮನಿಯ ಒಬ್ಬ ಮುದುಕನ ಹತ್ತಿರ ಸರಿಯಾದದ್ದು ಸಿಕ್ಕಿತು. ದುಡ್ಡು ಕಳಿಸಿ ಐದು ವಾರ ಕಾದೆ. ಪಾರ್ಸೆಲ್ ಕಸ್ಟಮ್ಸಿನಲ್ಲಿ ಯಾವುದೋ ಕಾಗದ ಸಾಲದೆಂದು ತಿರುಗಿ ಹೋಯಿತು. ಮತ್ತೆ ಕಳಿಸಲು ಬರೆದರೆ ಮುದುಕನಿಂದ ಉತ್ತರವಿಲ್ಲ.

ಪ್ರತಿ ಸೋಮವಾರ ಪ್ರಾಧ್ಯಾಪಕರ ಫೋನು. ಒತ್ತಾಯದ ಮಾತು ಒಂದೂ ಇಲ್ಲ. "ಅವಸರ ಇಲ್ಲ ಶೇಟ್ರೆ. ಸುಮ್ನೆ ಕೇಳ್ದೆ," ಎನ್ನುತ್ತಿದ್ದರು. ಅವಸರ ನನ್ನದಾಗಿತ್ತು. ಜಿಲ್ಲೆಯಲ್ಲಿ ಯಾರ ಕೈಲೂ ಆಗದ್ದನ್ನು ಮಾಡುತ್ತೇನೆಂದವನು ಮೂರು ತಿಂಗಳಿಂದ ಟಿಫಿನ್ ಡಬ್ಬಿ ಕಪಾಟಿನಲ್ಲಿಟ್ಟುಕೊಂಡು ಕೂತಿದ್ದೆ.

ಆಗ ಅಂಕೋಲೆಯ ದಾರಿಯ ಹಟ್ಟಿಕೇರಿಯಿಂದ ಒಬ್ಬ ಹೆಂಗಸು ಬಂದಳು.

ನಲವತ್ತು ದಾಟಿದ ವಯಸ್ಸು. ಕೂಲಿ ಕೆಲಸದವಳೆಂದು ಕೈ ನೋಡಿದರೆ ತಿಳಿಯುತ್ತಿತ್ತು. ಜಿಲ್ಲಾ ಆಸ್ಪತ್ರೆಯಿಂದ ಅಪ್ಪನ ಮಾತ್ರೆ ತೆಗೆದುಕೊಂಡು ಹೋಗುವ ದಾರಿಯಲ್ಲಿ ಅಂಗಡಿ ಕಂಡು ನಿಂತಿದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ವಾಚು ಕೌಂಟರಿನ ಮೇಲಿಟ್ಟಳು.

"ಇದು ನಡೀತದ್ಯೆ ನೋಡಿ ಶೇಟ್ರೆ. ನಮ್ಮ ಅಪ್ಪಂದು. ಹಡಗಿನಲ್ಲಿ ಅಡಿಗೆ ಕೆಲ್ಸಕ್ಕಿದ್ದಾಗ ತಂದದ್ದಂತೆ. ನಾಕು ತಿಂಗ್ಳಾಯ್ತು ನಿಂತು."

ಸ್ಟೀಲಿನ ಕೇಸು, ಗೀರುಬಿದ್ದ ಗಾಜು. ಡಯಲಿನ ಮೇಲೆ ಫೋರ್ಟ್ಸ್‌ಹೈಮಿನ ಇನ್ನೊಂದು ಕಾರ್ಖಾನೆಯ ಹೆಸರು. ಆ ಊರಿನ ಎಷ್ಟೋ ಕಾರ್ಖಾನೆಗಳು ಯಂತ್ರವನ್ನು ಒಂದೇ ಕಡೆಯಿಂದ ಕೊಳ್ಳುತ್ತಿದ್ದವು. ಮುಚ್ಚಳ ಬಿಚ್ಚಿ ಐಗ್ಲಾಸಿನಲ್ಲಿ ನಂಬರು ನೋಡಿದೆ. ಪ್ರಾಧ್ಯಾಪಕರ ವಾಚಿನದೇ ಯಂತ್ರ.

ಚಾವಿ ತಿರುಗಿಸಿದೆ. ಬಿಗಿಯೇ ಇಲ್ಲದೆ ಸುಮ್ಮನೆ ತಿರುಗಿತು. ಒಳಗಿನ ಮೇನ್‌ಸ್ಪ್ರಿಂಗ್ ಕಡಿದಿದೆ ಎಂದರ್ಥ. ವಾಚನ್ನು ಸ್ವಲ್ಪ ಓರೆ ಮಾಡಿದಾಗ ಬ್ಯಾಲೆನ್ಸ್ ತಾನೇ ತಾನಾಗಿ ಎರಡು ಸಲ ತೂಗಿ ನಿಂತಿತು. ಅಚ್ಚು ಗಟ್ಟಿ. ಹೇರ್‌ಸ್ಪ್ರಿಂಗಿನ ಸುತ್ತುಗಳ ನಡುವೆ ಒಂದೇ ಅಂತರ. ಇಷ್ಟು ಉಪ್ಪುಗಾಳಿಯ ಊರಲ್ಲಿ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಈ ಯಂತ್ರಕ್ಕೆ ಹೊಂದುವ ಮೇನ್‌ಸ್ಪ್ರಿಂಗುಗಳು ನನ್ನ ಎಡಗಡೆಯ ಡ್ರಾಯರಿನಲ್ಲಿ ನಾಲ್ಕೋ ಐದೋ ಇದ್ದವು. ಸ್ಪ್ರಿಂಗ್ ಹಾಕಿ, ತೊಳೆದು, ಎಣ್ಣೆ ಕೊಟ್ಟರೆ ಒಂದು ಮಧ್ಯಾಹ್ನದ ಕೆಲಸ.

ಐಗ್ಲಾಸ್ ತೆಗೆಯದೆ, ಮುಖ ಎತ್ತದೆ ಹೇಳಿದೆ. "ಇದು ಇನ್ನು ನಡಿಯೂದಿಲ್ಲ ತಂಗಿ. ಇದರ ಸಾಮಾನು ಈಗ ಎಲ್ಲೂ ಬರೂದಿಲ್ಲ."

ಅವಳು ವಾಚನ್ನೇ ನೋಡುತ್ತ ನಿಂತಳು. "ಅಪ್ಪ ಸರಿ ಆಗ್ತದೆ ಅಂತಿದ್ದ."

"ಬೇಕಾದ್ರೆ ನಾನೇ ತಕೊಳ್ತೆ. ಬಿಡಿಭಾಗಕ್ಕೆ ಆಗ್ತದೆ. ಒಂದು ಸಾವಿರ ಕೊಡ್ತೆ."

ಅವಳು ಬೆಲೆಗೆ ಚೌಕಾಶಿ ಮಾಡಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದಳು. "ಖರೆ ನಡಿಯೂದಿಲ್ವೆ?"

"ಇಲ್ಲ," ಎಂದೆ.

ನೋಟುಗಳನ್ನು ಮಾತ್ರೆಯ ಚೀಲದಲ್ಲಿ ಹಾಕಿಕೊಂಡು ಹೋದಳು. ಅವಳು ಓಣಿಯ ತಿರುವು ದಾಟುವವರೆಗೂ ಕೂಗಿ ಕರೆಯಲು ಸಮಯವಿತ್ತು. ಅದು ನನಗೆ ಆಗಲೂ ಗೊತ್ತಿತ್ತು. ಎದ್ದು ಬಾಗಿಲವರೆಗೆ ಹೋದೆ ಕೂಡ. ಬಿಸಿಲು ಬರುತ್ತಿದೆಯೆಂದು ಪರದೆ ಎಳೆದು ತಿರುಗಿ ಬಂದು ಕೂತೆ.

ಅಂದೇ ಸಂಜೆ ಕೆಲಸಕ್ಕೆ ತೊಡಗಿದೆ. ಅವಳ ವಾಚಿನ ಬ್ಯಾಲೆನ್ಸ್ ಸೇತುವೆಯ ಸ್ಕ್ರೂ ಸಡಿಲಿಸಿ, ಚಿಮಟದಿಂದ ಎತ್ತಿ, ಸ್ಪ್ರಿಂಗಿಗೆ ಜೋತುಬಿದ್ದ ಚಕ್ರ ಗಾಳಿಯಲ್ಲಿ ಹೊರಳದ ಹಾಗೆ ಉಸಿರು ಹಿಡಿದು ಹೊರತೆಗೆದೆ. ಪೆಟ್ರೋಲಿನಲ್ಲಿ ತೊಳೆದು, ಬ್ಲೋವರಿನಿಂದ ಆರಿಸಿದೆ. ಪ್ರಾಧ್ಯಾಪಕರ ವಾಚಿನಲ್ಲಿ ಅಚ್ಚಿನ ತುದಿ ಕೂರುವ ಕಲ್ಲುಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ಶುಚಿ ಮಾಡಿ, ಸೂಜಿಮೊನೆಯಷ್ಟು ಎಣ್ಣೆ ಇಟ್ಟು, ಬ್ಯಾಲೆನ್ಸ್ ಇಳಿಸಿದೆ. ಮೊದಲ ಸಲಕ್ಕೇ ಕೂತಿತು. ನಾಲ್ಕು ಸುತ್ತು ಚಾವಿ ಕೊಟ್ಟದ್ದೇ ನಡೆಯತೊಡಗಿತು.

ಆಮೇಲಿನ ಎಂಟು ದಿನ ಅದನ್ನು ತಿದ್ದುವುದರಲ್ಲಿ ಕಳೆದೆ. ಎಡಕ್ಕೂ ಬಲಕ್ಕೂ ಬಡಿತ ಸಮನಾಗುವಂತೆ ಸ್ಪ್ರಿಂಗಿನ ಬುಡವನ್ನು ಕೂದಲೆಳೆಯಷ್ಟು ತಿರುಗಿಸುವುದು; ಡಯಲು ಮೇಲೆ ಮಾಡಿ ಒಂದು ದಿನ, ಕೆಳಗೆ ಮಾಡಿ ಒಂದು ದಿನ, ಚಾವಿ ಮೇಲೆ, ಚಾವಿ ಕೆಳಗೆ; ಮತ್ತೆ ತಿದ್ದುವುದು. ಕೊನೆಗೆ ದಿನಕ್ಕೆ ಏಳೆಂಟು ಸೆಕೆಂಡು ಮುಂದೆ ಹೋಗುವಲ್ಲಿಗೆ ತಂದು ನಿಲ್ಲಿಸಿದೆ. ನನ್ನ ಬೆಂಚಿನ ಮೇಲೆ ಅಷ್ಟು ಒಳ್ಳೆಯ ಕೆಲಸ ಆ ವರ್ಷ ಇನ್ನೊಂದು ಆಗಿರಲಿಲ್ಲ. ಆ ಎಂಟು ದಿನ ಹಟ್ಟಿಕೇರಿಯ ನೆನಪೂ ಬರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬಂದಿರಲಿಲ್ಲ.

ಪ್ರಾಧ್ಯಾಪಕರು ವಾಚು ಕಟ್ಟಿಕೊಂಡು ಅಂಗಡಿಯ ಮೆಟ್ಟಿಲ ಮೇಲೆಯೇ ಹದಿನೈದು ನಿಮಿಷ ಕೂತಿದ್ದರು. ಬ್ಯಾಲೆನ್ಸ್ ಎಲ್ಲಿ ಸಿಕ್ಕಿತೆಂದು ಕೇಳಿದರು. "ಒಂದು ಹಾಳಾದ ವಾಚು ಬಂದಿತ್ತು, ಅದರದ್ದು," ಎಂದೆ.

ಅವರು ಅದನ್ನು ಅನುಭವಿಸಿದ ರೀತಿಯನ್ನೂ ಹೇಳಬೇಕು. ಬೆಳಗಿನ ಚಹಾ ಮುಗಿದ ಮೇಲೆ ಚಾವಿ ಕೊಡುವುದು. ಆಮೇಲೆ ಮೊಬೈಲಿನ ಸಮಯದ ಜೊತೆ ತಾಳೆ ನೋಡಿ ಸಣ್ಣ ನೋಟ್‌ಬುಕ್ಕಿನಲ್ಲಿ ಅಂದಿನ ವ್ಯತ್ಯಾಸ ಬರೆಯುವುದು. ಸೆಖೆಯ ದಿನ ಎರಡು ಸೆಕೆಂಡು ಹಿಂದೆ ಬಿದ್ದರೆ ಅದಕ್ಕೆ ಕಾರಣ ಹುಡುಕಿ ನನಗೆ ಫೋನಿನಲ್ಲಿ ಪಾಠ ಮಾಡುವುದು. ವಾರಕ್ಕೊಮ್ಮೆ ಬಸ್ಸಿಗೆ ಬಂದು ನೋಟ್‌ಬುಕ್ ತೋರಿಸುವುದು. ಒಂದು ದಿನ, "ಶೇಟ್ರೆ, ನನ್ನ ಕ್ಲಾಸಲ್ಲಿ ಲೋಲಕದ ಪಾಠ ಮೂವತ್ತು ವರ್ಷ ಮಾಡಿದೆ. ಈಗ ಅರ್ಥ ಆಗ್ತಾ ಅದೆ," ಎಂದರು. ಹೀಗೆ ಏಳು ವಾರ.

ಏಳನೆಯ ವಾರದ ಶುಕ್ರವಾರ ಆ ಹೆಂಗಸು ತಿರುಗಿ ಬಂದಳು. ಕೌಂಟರಿನ ಮೇಲೆ ಎರಡು ಐನೂರರ ನೋಟು ಇಟ್ಟಳು.

"ಅಪ್ಪನ ವಾಚು ಕೊಡಿ ಶೇಟ್ರೆ. ನಡೀದೆ ಇದ್ರೂ ಅಡ್ಡಿಲ್ಲ."

ಮಾರಿದ ಸಂಗತಿಯನ್ನು ಅವಳು ಅಪ್ಪನಿಗೆ ಹೇಳಿರಲಿಲ್ಲವಂತೆ. ರಿಪೇರಿಗೆ ಕೊಟ್ಟಿದ್ದೇನೆ ಎಂದಿದ್ದಳು. ಅವನಿಗೆ ಪಾರ್ಶ್ವವಾಯು ಬಡಿದು ಬಲಗೈ ಹೋಗಿತ್ತು. ಮಾತು ತೊದಲು. ಅಷ್ಟರಲ್ಲಿಯೂ ದಿನಾ ಬೆಳಿಗ್ಗೆ ಎದ್ದು ಕೇಳುವುದು ವಾಚು. "ನಿನ್ನೆ ವಾಚು ಬರ್ಲಿಲ್ಲ ಅಂತ ರಾತ್ರಿ ಊಟ ಬಿಟ್ಟ. ಸಣ್ಣ ಹುಡುಗರ ಹಾಗೆ," ಎಂದಳು. ಹೇಳುವಾಗ ನಕ್ಕಳು, ಕಣ್ಣು ಮಾತ್ರ ನಗಲಿಲ್ಲ.

ಅವಳ ವಾಚು ನನ್ನ ಡ್ರಾಯರಿನ ತಗಡಿನ ಡಬ್ಬಿಯಲ್ಲಿತ್ತು. ಕೇಸು, ಡಯಲು, ಮುಳ್ಳು, ಯಂತ್ರ ಎಲ್ಲ ಇದ್ದವು. ಬ್ಯಾಲೆನ್ಸ್ ಇದ್ದ ಜಾಗ ಖಾಲಿ. ತೆಗೆದು ತೋರಿಸುವ ಧೈರ್ಯವಾಗಲಿಲ್ಲ.

"ಎರಡು ದಿನ ಬಿಟ್ಟು ಬಾ ತಂಗಿ. ಇಲ್ಲ, ನೀನು ಬರೂದು ಬೇಡ. ಬರೂ ಭಾನುವಾರ ನಾನೇ ಮನೆಗೆ ತಂದು ಕೊಡ್ತೆ," ಎಂದೆ. ನೋಟುಗಳನ್ನು ಅವಳ ಕಡೆಗೆ ದೂಡಿದೆ. ಅವಳು ಮುಟ್ಟಲಿಲ್ಲ, ಹಾಗೆಯೇ ಬಿಟ್ಟು ಹೋದಳು.

ಪ್ರಾಧ್ಯಾಪಕರಿಗೆ ಫೋನ್ ಮಾಡಿ ಬ್ಯಾಲೆನ್ಸ್ ವಾಪಸ್ ಕೇಳಬಹುದಿತ್ತು. ಆಗ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಅದರ ಬದಲು ನಾನು ಇನ್ನೊಂದು ದಾರಿ ಹಿಡಿದೆ. ಹಳೆಯ ಯಂತ್ರ ತೆಗೆದಿಟ್ಟು, ಅದೇ ಕೇಸಿನೊಳಗೆ ಸಣ್ಣ ಬ್ಯಾಟರಿ ಯಂತ್ರ ಕೂರಿಸುವುದು. ಕೈ ಬಾರದ ಮುದುಕನಿಗೆ ಚಾವಿಯ ರಗಳೆಯೂ ತಪ್ಪುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಹಳೆಯ ಡಯಲಿನ ಹಿಂಬದಿಯಲ್ಲಿ ಎರಡು ತಾಮ್ರದ ಕಾಲುಗಳಿರುತ್ತವೆ. ಅವು ಯಂತ್ರದ ತೂತಿಗೆ ಇಳಿದು ಡಯಲನ್ನು ಹಿಡಿಯುತ್ತವೆ. ಬ್ಯಾಟರಿ ಯಂತ್ರದಲ್ಲಿ ಆ ತೂತುಗಳು ಬೇರೆ ಜಾಗದಲ್ಲಿದ್ದವು. ಕಟರ್ ತೆಗೆದುಕೊಂಡು ಎರಡೂ ಕಾಲು ಕತ್ತರಿಸಿದೆ. ಅಂಟಿನ ಚುಕ್ಕೆಗಳ ಮೇಲೆ ಡಯಲು ಕೂರಿಸಿದೆ. ಗಂಟೆ, ನಿಮಿಷದ ಮುಳ್ಳುಗಳ ತೂತು ತಿದ್ದಿ ಹಾಕಿದೆ. ಸೆಕೆಂಡಿನ ಮುಳ್ಳು ಹೊಂದಲಿಲ್ಲ, ಬೇರೆ ಹುಡುಕಿ ಹಾಕಿದೆ. ಗಾಜನ್ನು ಪಾಲಿಶ್ ಮಾಡಿದೆ. ನೋಡಲು ಚೆನ್ನಾಗಿಯೇ ಇತ್ತು. ಆ ಕಾಲುಗಳು ಮತ್ತೆ ಬೆಳೆಯುವುದಿಲ್ಲ ಎಂಬುದು ಕತ್ತರಿಸುವಾಗ ನನಗೆ ಗೊತ್ತಿರಲಿಲ್ಲವೆಂದಲ್ಲ.

ಭಾನುವಾರ ಅಂಕೋಲಾ ಬಸ್ಸು ಹತ್ತಿ ಹಟ್ಟಿಕೇರಿಯಲ್ಲಿ ಇಳಿದೆ. ಹೆದ್ದಾರಿಯಿಂದ ಒಳಗೆ, ಗದ್ದೆಯ ಅಂಚಿನಲ್ಲಿ ಹೋಗಿ, ಕೇಳಿ ಕೇಳಿ ಮನೆ ಹುಡುಕಿದೆ. ಅಂಗಳದಲ್ಲಿ ಹೆಂಗಸು ಬೇಯಿಸಿದ ಬೆಳಚಿನ ಮಾಂಸವನ್ನು ಚಿಪ್ಪಿನಿಂದ ಬಿಡಿಸುತ್ತಿದ್ದಳು. ಮುದುಕ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ನನ್ನನ್ನು ಕಂಡು ಎಡಗೈ ಚಾಚಿದ. ನಮಸ್ಕಾರಕ್ಕಲ್ಲ, ವಾಚಿಗೆ.

ಕೊಟ್ಟೆ. ಮುಖದ ಹತ್ತಿರ ತಂದು ನೋಡಿದ. ಆಮೇಲೆ ಕಿವಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ತೆಗೆದು ಮತ್ತೆ ಸೆಕೆಂಡಿನ ಮುಳ್ಳನ್ನು ನೋಡಿದ; ಅದು ಒಂದೊಂದೇ ಹೆಜ್ಜೆ ನೆಗೆಯುತ್ತಿತ್ತು. ಎಡಗೈಯ ಹೆಬ್ಬೆರಳಿನಿಂದ ಚಾವಿಯನ್ನು ತಿರುಗಿಸಲು ನೋಡಿದ.

"ಚಾವಿ ತಕಳೂದಿಲ್ಲ," ಎಂದ. ಮಾತು ತೊದಲಿದರೂ ಸ್ಪಷ್ಟವಾಗಿತ್ತು.

"ಈಗ ಚಾವಿ ಬೇಡ ಅಜ್ಜಾ, ಬ್ಯಾಟರಿ ಹಾಕಿದ್ದೆ. ನಿಮ್ಗೆ ಕೈ ಆಗೂದಿಲ್ಲ ಅಲ್ಲ, ಸಸಾರ ಆಗ್ಲಿ ಅಂತ."

"ನಂಗೆ ಚಾವಿ ಕೊಡೂದೇ ಬೇಕಾಗಿತ್ತು."

ಮಗಳು ವಿವರಿಸಿದಳು. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವವರು ಎಡಗೈ ಬೆರಳುಗಳಿಗೂ ಸಣ್ಣ ಕೆಲಸ ಅಭ್ಯಾಸ ಮಾಡಿಸಿ ಎಂದಿದ್ದರಂತೆ. ಗುಂಡಿ ಹಾಕುವುದು, ಅಕ್ಕಿ ಹೆಕ್ಕುವುದು. ಅವನಿಗೆ ಅದೆಲ್ಲ ಬೇಡ. ವಾಚಿಗೆ ಚಾವಿ ಕೊಡುತ್ತೇನೆ, ಅದೇ ಅಭ್ಯಾಸ ಎನ್ನುತ್ತಿದ್ದನಂತೆ. ಹಡಗು ಹ್ಯಾಂಬರ್ಗಿನಲ್ಲಿ ನಿಂತಾಗ ಬಂದರಿನ ಹೊರಗಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅದನ್ನು ಕೊಂಡವನು. ಅಂದಿನಿಂದ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಚಾವಿ ಕೊಟ್ಟವನು. ಅವನಿಗೂ ಅದು ಯಾರೋ ಕಟ್ಟಿ ಬಿಟ್ಟ ವಾಚೇ ಆಗಿತ್ತು ಎಂಬುದು ನನಗೆ ಆಗ ತಿಳಿಯಿತು.

"ನಂದು ಎಲ್ಲೋಯ್ತು?" ಎಂದು ಕೇಳಿದ.

"ಹಳೆ ಮಶೀನು ಅಂಗಡೀಲಿ ಅದೆ."

"ಹಾಗಾರೆ ಅದನ್ನೇ ತನ್ನಿ."

"ಅಪ್ಪಾ, ಅದು ನಡಿಯೂದಿಲ್ಲ ಅಂತ ಇವರು ಆಗ್ಲೇ ಹೇಳಿದ್ರು," ಎಂದಳು ಮಗಳು.

ಮುದುಕ ತಲೆ ಅಲ್ಲಾಡಿಸಿದ. "ಅದ್ಕೆ ಎಂತದೂ ಆಗ್ಲಿಲ್ಲ. ಚಾವಿ ಕೊಡೂವಾಗ ಒಳಗೆ ಟಕ್ ಅಂತು. ಕೈಗೆ ಗೊತ್ತಾಯ್ತು ನಂಗೆ. ಸ್ಪ್ರಿಂಗ್ ಹರ್ದದೆ, ಅಷ್ಟೇಯ."

ಅವನು ಸರಿಯಾಗಿ ಹೇಳಿದ್ದ. ಐಗ್ಲಾಸಿಲ್ಲದೆ, ಮುಚ್ಚಳ ತೆರೆಯದೆ, ಬೆರಳ ತುದಿಯಿಂದ. ಮಗಳು ನನ್ನ ಮುಖ ನೋಡಿದಳು. ಅವಳ ನೋಟದಲ್ಲಿ ಸಂಶಯವಿರಲಿಲ್ಲ, ಕಾಯಿಲೆಯ ಮನುಷ್ಯನ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ ಎಂಬ ಬೇಡಿಕೆಯಿತ್ತು. ಹೌದು, ಅಜ್ಜ ಹೇಳುವುದೇ ಸರಿ, ಸುಳ್ಳು ಹೇಳಿದವನು ನಾನು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು, "ಇನ್ನೊಂದ್ಸಲ ನೋಡ್ತೆ," ಎಂದೆ. ವಾಚು ತೆಗೆದುಕೊಂಡು ಎದ್ದೆ.

ಹೆದ್ದಾರಿಗೆ ಬಂದು ನಿಂತೆ. ಕಾರವಾರದ ಬಸ್ಸು ಮೊದಲು ಬಂತು. ಹತ್ತಲಿಲ್ಲ. ಆಮೇಲೆ ಬಂದ ಅಂಕೋಲೆಯ ಬಸ್ಸು ಹತ್ತಿದೆ.

ಪ್ರಾಧ್ಯಾಪಕರು ಊಟ ಮುಗಿಸಿ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಭಾನುವಾರ ನಾನು ಮನೆಗೇ ಬಂದದ್ದು ಕಂಡು ಸಂತೋಷಪಟ್ಟರು. ಒಳಗೆ ಹೋಗಿ ನೋಟ್‌ಬುಕ್ ತಂದರು. ಅವರು ಅದನ್ನು ತೆರೆಯುವ ಮೊದಲೇ ನಾನು ಹೇಳತೊಡಗಿದೆ. ಒಂದನ್ನೂ ಬಿಡದೆ ಹೇಳಿದೆ. ಡ್ರಾಯರಿನಲ್ಲಿದ್ದ ಮೇನ್‌ಸ್ಪ್ರಿಂಗುಗಳು, ಐಗ್ಲಾಸ್ ತೆಗೆಯದೆ ಆಡಿದ ಮಾತು, ಎಳೆದ ಪರದೆ, ಡಯಲಿನ ಕತ್ತರಿಸಿದ ಕಾಲು.

ನಾನು ಮುಗಿಸಿದ ಮೇಲೆ ಅವರು ಬೆಲ್ಟು ಬಿಚ್ಚಿ ವಾಚನ್ನು ಟೀಪಾಯಿಯ ಮೇಲಿಟ್ಟರು.

"ನನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ ಶೇಟ್ರೆ."

"ಹೌದು ಸರ್."

"ಗೊತ್ತಿತ್ತು ನಿಮಗೆ, ನಾನು ಬೇಡ ಹೇಳ್ತೆ ಅಂತ. ಅದ್ಕೇ ಕೇಳ್ಲಿಲ್ಲ ನೀವು."

ನಾನು ವಾಚನ್ನು ಎತ್ತಿ ಕರವಸ್ತ್ರದಲ್ಲಿ ಸುತ್ತಿಕೊಂಡೆ.

"ಆ ಅಜ್ಜಂದು ಅಜ್ಜನಿಗೆ ಹೋಗ್ತದೆ, ಒಳ್ಳೇದಾಯ್ತು. ಈ ಏಳು ವಾರ ನಾನು ಎಷ್ಟು ಖುಷಿ ಪಟ್ಟೆ ಹೇಳಿ. ಅದನ್ನ ಈಗ ನಾನು ಎಂತ ಮಾಡ್ಲಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ವಿದ್ಯಾರ್ಥಿಗೆ ಬಿಡಿಸಲು ಕೊಟ್ಟ ಲೆಕ್ಕದಂತೆ ಕೇಳಿದರು, ಉತ್ತರಕ್ಕೆ ಕಾದರು ಕೂಡ. ಆಮೇಲೆ ನೋಟ್‌ಬುಕ್ಕನ್ನು ಪೇಪರಿನ ಕೆಳಗೆ ಸರಿಸಿದರು. ಅವರ ಹೆಂಡತಿ ಚಹಾ ತಂದಿಟ್ಟರು. ಇಬ್ಬರೂ ಕುಡಿದೆವು.

ಮರುದಿನ ಅಂಗಡಿಯ ಅರ್ಧ ಬಾಗಿಲು ಮಾತ್ರ ತೆಗೆದು ಕೂತೆ. ಪ್ರಾಧ್ಯಾಪಕರ ವಾಚಿನಿಂದ ಬ್ಯಾಲೆನ್ಸ್ ಎತ್ತಿ ಅದರ ಸ್ವಂತ ಮನೆಗೆ ಇಳಿಸಿದೆ. ಹಳೆಯ ಮೇನ್‌ಸ್ಪ್ರಿಂಗ್ ತೆಗೆದರೆ, ಮುದುಕ ಹೇಳಿದಂತೆಯೇ, ಒಳತುದಿಯ ಹತ್ತಿರ ನೇರವಾಗಿ ಕಡಿದಿತ್ತು. ಹೊಸದನ್ನು ಹಾಕಿದೆ. ಗಾಲಿಗಳನ್ನು ಒಂದೊಂದಾಗಿ ತೊಳೆದು ಎಣ್ಣೆ ಕೊಟ್ಟೆ. ಡಯಲಿಗೆ ಕಾಲಿಲ್ಲದ್ದರಿಂದ ಮತ್ತೆ ಅಂಟಿನ ಚುಕ್ಕೆಗಳ ಮೇಲೆಯೇ ಕೂರಿಸಬೇಕಾಯಿತು. ಅಗಲವಾದ ಮುಳ್ಳಿನ ತೂತುಗಳನ್ನು ಒತ್ತಿ ಕಿರಿದು ಮಾಡಿದೆ. ಮೂಲದ ಸೆಕೆಂಡು ಮುಳ್ಳು ತಗಡಿನ ಡಬ್ಬಿಯಲ್ಲಿ ಉಳಿದಿತ್ತು, ಪುಣ್ಯ. ಆರು ದಿನ ತಿದ್ದಿದೆ. ನೋಡಿದವರಿಗೆ ಏನೂ ತಿಳಿಯದು. ಮುಂದೆ ಎಂದಾದರೂ ಅದನ್ನು ತೆರೆಯುವ ಕೆಲಸಗಾರನಿಗೆ ಮಾತ್ರ ಇಲ್ಲಿ ಯಾರೋ ಕಸುಬು ಬಲ್ಲವನೇ ಹಾಳು ಮಾಡಿದ್ದಾನೆ ಎಂದು ತಿಳಿಯುತ್ತದೆ.

ಮುಂದಿನ ಭಾನುವಾರ ಮತ್ತೆ ಹಟ್ಟಿಕೇರಿ. ಮುದುಕ ವಾಚನ್ನು ಕಿವಿಗೆ ಹಿಡಿದ. ಈ ಸಲ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದು," ಎಂದ.

ಆಮೇಲೆ ವಾಚನ್ನು ತೊಡೆಯ ಮೇಲೆ, ಬಾರದ ಬಲಗೈಗೆ ಆನಿಸಿ ಇಟ್ಟುಕೊಂಡು, ಎಡಗೈಯ ಎರಡು ಬೆರಳಿನಿಂದ ಚಾವಿ ತಿರುಗಿಸಿದ. ಜಾರಿತು. ಮತ್ತೆ ಹಿಡಿದ. ಒಳಗಿನ ಗಾಲಿಯ ಒಂದೊಂದು ಹಲ್ಲೂ ಕಿರ್ರ್ ಎನ್ನುವುದು ನನಗೆ ಕೇಳುತ್ತಿತ್ತು. ಮಗಳು ಸಹಾಯಕ್ಕೆ ಬಗ್ಗಿದಾಗ ಮೊಣಕೈಯಿಂದ ಸರಿಸಿದ. ಅರ್ಧ ಚಾವಿ ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು. ಹಣೆಯ ಮೇಲೆ ಬೆವರು ಬಂದಿತ್ತು.

ಹೊರಡುವಾಗ ಅವಳು ಬಿಟ್ಟುಹೋಗಿದ್ದ ಎರಡು ನೋಟು ತೆಗೆದು ಮೆಟ್ಟಿಲ ಮೇಲಿಟ್ಟೆ. ಮುದುಕ ಮಗಳನ್ನು ಕರೆದು, "ಇವರ ಮಜೂರಿ ಎಷ್ಟಾಯ್ತು ಕೇಳು," ಎಂದ.

"ಎಂತದೂ ಬೇಡ ಅಜ್ಜಾ."

"ಬೇಡ ಎಂತಕ್ಕೆ? ಕೆಲ್ಸ ಮಾಡ್ಲಿಲ್ವೆ ನೀವು?"

ಬೇಡ ಎನ್ನುವುದಕ್ಕೆ ನನ್ನಲ್ಲಿ ಇದ್ದ ಕಾರಣ ಒಂದೇ. ಪ್ರಾಧ್ಯಾಪಕರ ಪಡಸಾಲೆಯಲ್ಲಿ ಅದು ತಡೆಯಿಲ್ಲದೆ ಬಾಯಿಂದ ಬಂದಿತ್ತು. ಅವರು ಓದಿದವರು, ನನ್ನ ಸರೀಕರಂತೆ ಕೂತು ಚಹಾ ಕುಡಿಸುವವರು. ಹೇಳಿದರೆ ನನ್ನ ಬಗ್ಗೆ ಏನಾದರೂ ಗೌರವ ಉಳಿದೀತು ಎಂಬ ಲೆಕ್ಕ ನನಗಿತ್ತು. ಮೋಸ ಹೋದವರು ಇಲ್ಲಿ ನನ್ನೆದುರಿಗಿದ್ದರು. "ಇನ್ನೂರೈವತ್ತು," ಎಂದೆ. ಮಗಳು ಒಳಗಿನಿಂದ ತಂದು ಎರಡೂ ಕೈಯಲ್ಲಿ ಕೊಟ್ಟಳು. ತೆಗೆದುಕೊಂಡೆ.

ಪ್ರಾಧ್ಯಾಪಕರ ವಾಚಿಗೆ ಬೇಕಾದ ಬ್ಯಾಲೆನ್ಸ್ ಐದು ತಿಂಗಳ ನಂತರ ಜರ್ಮನಿಯ ಬೇರೊಬ್ಬನಿಂದ ಬಂತು. ಕೂರಿಸಿ, ತಿದ್ದಿ, ತಯಾರಾಗಿದೆ ಎಂದು ಫೋನ್ ಮಾಡಿದೆ. "ಕೊರಿಯರ್ ಮಾಡಿಬಿಡಿ ಶೇಟ್ರೆ," ಎಂದರು. ತಲುಪಿದ ದಿನ ಅವರ ಫೋನಿಗಾಗಿ ಕಾದೆ. ತಲುಪಿತು ಎಂದು ಒಂದು ಮೆಸೇಜ್ ಬಂತು. ಆಮೇಲೆ ಅವರು ಅಂಗಡಿಗೆ ಬಂದಿಲ್ಲ. ಒಳ್ಳೆಯ ಡಯಲಿನ ಫೋಟೋ ಕಂಡರೆ ಈಗಲೂ ಕಳಿಸಬೇಕೆನಿಸುತ್ತದೆ, ಕಳಿಸಲು ಹೋಗುವುದಿಲ್ಲ.

ಕಳೆದ ತಿಂಗಳು ಒಬ್ಬ ಹಿರಿಯ ಹೆಂಗಸು ಗೋಡೆ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಅಂಕೋಲೆಯಲ್ಲಿಯೇ ಎರಡು ಅಂಗಡಿಯವರು ಆಗುವುದಿಲ್ಲ ಎಂದರಂತೆ. ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ.

"ಹಟ್ಟಿಕೇರಿಲಿ ನಮ್ಮ ಬಾಜೂಮನೆ ಹೆಣ್ಣು ಹೇಳ್ತು," ಎಂದಳು. "ಅದರ ಅಪ್ಪನ ವಾಚು ಸತ್ತೇ ಹೋಗಿತ್ತಂತೆ. ಸಾಮಾನೇ ಬರೂದಿಲ್ಲ ಅಂತ ನೀವೇ ಹೇಳಿದ್ರಂತೆ. ಆದ್ರೂ ಬಿಡ್ಲಿಲ್ಲ ಅವರು, ಎಲ್ಲಿಂದನೋ ಹುಡ್ಕಿ ತಂದು ನಡಿಸಿ ಕೊಟ್ರು, ಮನೆವರೆಗೆ ಮೂರ್ಮೂರು ಸಲ ಬಂದ್ರು ಅಂತ ಊರೆಲ್ಲಾ ಹೇಳ್ತದೆ ಅದು."

"ಎರಡು ಸಲ," ಎಂದೆ.

ಅಷ್ಟನ್ನೇ ತಿದ್ದಿದೆ. ಗಡಿಯಾರವನ್ನು ನನ್ನ ಕಡೆಗೆ ಎಳೆದುಕೊಂಡು ಸ್ಕ್ರೂ ಬಿಚ್ಚತೊಡಗಿದೆ.